ಬಂದೂಕಿನ ಹಿಡಿಯೂ ಕಿನ್ನಾಳದ ತೊಟ್ಟಿಲೂ

ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆಯ ನಾಲೆಯ ನೀರು ಗಂಗಾವತಿಯ ಸೀಮೆಯ ಹೊಲಗಳನ್ನು ಗದ್ದೆಗಳನ್ನಾಗಿ ಮಾರ್ಪಡಿಸಿದಂದಿನಿಂದ ಅಲ್ಲಿ ಹುಟ್ಟಿದ ಸಂಪತ್ತು ಕಾಲಕಾಲಕ್ಕೆ ಯಾವ ಯಾವ ರೂಪಗಳನ್ನು ತಾಳಿತೆಂಬುದನ್ನು ಯಾರಾದರೂ ಬರೆಯಹೊರಟರೆ ಅದೇ ಒಂದು ಸಾಮಾಜಿಕ ಚರಿತ್ರೆಯಾದೀತು. ಮೊದಲು ಅಕ್ಕಿಯ ಗಿರಣಿಗಳು ಬಂದುವು. ಆಮೇಲೆ ಮಹಡಿಯ ಮನೆಗಳು, ಕಾರುಗಳು, ಕಲ್ಯಾಣಮಂಟಪಗಳು, ಮಕ್ಕಳ ವೈದ್ಯಕೀಯ ಕಾಲೇಜಿನ ಶುಲ್ಕ. ಈ ಸಾಲಿನ ತುದಿಗೆ ಈಚೆಗೆ ಒಂದು ಅಪೂರ್ವವಾದ ಬಯಕೆ ಬಂದು ಸೇರಿದೆ. ನನಗೆ ಪರಿಚಿತರಾದ, ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರಾದ ಗಿರಣಿಯ ಮಾಲೀಕರೊಬ್ಬರು ತಮ್ಮ ತೋಳಿನ ಅಳತೆಗೇ ಹೊಂದುವಂತಹ ಜೋಡುನಳಿಗೆಯ ಬಂದೂಕೊಂದನ್ನು ಮಾಡಿಸಬೇಕೆಂದಿದ್ದಾರೆ. ಬೆಳೆಯ ರಕ್ಷಣೆಗೆಂದು ಅವರ ಅಜ್ಜನ ಕಾಲದಲ್ಲಿ ದೊರೆತ ಪರವಾನಗಿ ಮನೆಯಲ್ಲಿ ನಡೆದುಕೊಂಡು ಬಂದಿದೆ. ಹಳೆಯ ಬಂದೂಕು ತುಕ್ಕು ಹಿಡಿದು ಕುಳಿತಿದೆ. “ಅಂಗಡ್ಯಾಗಿಂದು ಬ್ಯಾಡ್ರಿ ಕಾಕಾ, ನನಗಂತನಽ ಮಾಡಿದ್ದು ಒಂದಿರಬೇಕು, ಉಕ್ಕಿನ ಮ್ಯಾಲ ಚಿಗರಿ ಕೊರದಿರಬೇಕು, ಹಿಡಿ ಕಟಗಿ ನೋಡಿದ್ರ ನೋಡ್ಕೋತ ಕುಂದರಂಗಿರಬೇಕು” ಎಂದರು ಅವರು.

ಊರಿನವರು ಇದನ್ನು ಕೇಳಿ ನಕ್ಕರು. ಹಂದಿಯನ್ನು ಬೆದರಿಸುವುದಕ್ಕೆ ಪಟಾಕಿ ಸಾಲದೇ ಎಂದವರುಂಟು. ದುಡ್ಡು ಹೆಚ್ಚಾದರೆ ಹೀಗೆಯೇ ಎಂದವರೂ ಉಂಟು. ನನಗೆ ನಗು ಬರಲಿಲ್ಲ. ಚೀಟಿಯ ಮೇಲಿನ ಬೆಲೆಯನ್ನು ಓದಿ, ಹಣವೆಣಿಸಿ, ಪೆಟ್ಟಿಗೆಯನ್ನು ಕಾರಿನ ಹಿಂಬದಿಗೆ ಹಾಕಿಸಿಕೊಂಡು ಬರುವುದೇ ಸಿರಿವಂತರ ಏಕಮಾತ್ರ ವ್ಯವಹಾರವಾಗಿರುವ ಈ ಕಾಲದಲ್ಲಿ, ಒಂದು ವಸ್ತುವನ್ನು ಬಲ್ಲವನ ಕೈಯಿಂದಲೇ ಮಾಡಿಸಿಕೊಳ್ಳಬೇಕು, ಅದಕ್ಕಾಗಿ ಅಳತೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು ಎಂದು ಒಬ್ಬ ತರುಣನಿಗೆ ತೋರಿತಲ್ಲ ಎಂಬುದು ನನಗೆ ಸಮಾಧಾನವನ್ನೇ ತಂದಿತು. ಆ ಬಯಕೆ ಯೋಗ್ಯವಾದದ್ದು. ಅದು ಆರಿಸಿಕೊಂಡಿರುವ ವಸ್ತುವಿನ ವಿಷಯದಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯವಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಅನುಕೂಲವಂತರು ಇಂಥ ಬಯಕೆಯನ್ನು ದೂರದೇಶಕ್ಕೆ ಕಳುಹಿಸುವ ಮುನ್ನ ತಮ್ಮ ಜಿಲ್ಲೆಯ ಒಂದು ಓಣಿಯ ಕಡೆಗೆ ತಿರುಗಿಸಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಬಂದೂಕಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು.

ಈ ಕಸುಬಿಗೆ ಜಗತ್ತಿನಲ್ಲಿ ಹೆಸರಾದ ಊರು ಲಂಡನ್. ಅಲ್ಲಿ ಪರ್ಡೆ ಎಂಬ ಮನೆತನದವರ ಕಾರ್ಖಾನೆ 1814ರಿಂದಲೂ, ಹಾಲೆಂಡ್ ಅಂಡ್ ಹಾಲೆಂಡ್ ಎಂಬವರದು 1835ರಿಂದಲೂ ನಡೆದು ಬಂದಿವೆ; ನಮ್ಮ ದೇಶದ ಸಂಸ್ಥಾನಿಕರಲ್ಲಿ ಅನೇಕರು ಲಂಡನ್ನಿನ ಬಂದೂಕುಗಾರರ ಗಿರಾಕಿಗಳಾಗಿದ್ದರು. ಅಲ್ಲಿಗೆ ಹೋದ ಗಿರಾಕಿಯ ಮೈಯಳತೆ ಮೊದಲು ಆಗಬೇಕು. ಹಿಡಿಯನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಿ ನಿಲ್ಲಿಸಬಹುದಾದಂತಹ ಪರೀಕ್ಷೆಯ ಬಂದೂಕೊಂದನ್ನು ಅವನ ಹೆಗಲಿಗೆ ಕೊಟ್ಟು, ಕುದುರೆಯಿಂದ ಹಿಡಿಯ ತುದಿಯವರೆಗಿನ ಉದ್ದವೆಷ್ಟಿರಬೇಕು, ಕೆನ್ನೆ ತಾಗುವೆಡೆಯಲ್ಲಿ ಹಿಡಿಯು ಎಷ್ಟು ಇಳಿದಿರಬೇಕು, ನಳಿಗೆಯ ನೇರದಿಂದ ಯಾವ ಪಕ್ಕಕ್ಕೆ ಎಷ್ಟು ಓರೆಯಾಗಿರಬೇಕು ಎಂಬುದನ್ನೆಲ್ಲ ಗೊತ್ತುಮಾಡಿಕೊಳ್ಳುತ್ತಾರೆ. ಸಣ್ಣ ಗುಂಡುಗಳನ್ನು ಎರಚುವ ಈ ಜಾತಿಯ ಬಂದೂಕನ್ನು ಹಿಡಿದವನಿಗೆ ಹಾರುವ ಹಕ್ಕಿಯ ಮುಂದೆ ನಿಧಾನವಾಗಿ ಗುರಿ ಕಟ್ಟುವಷ್ಟು ಅವಕಾಶವಿರುವುದಿಲ್ಲವಾದ್ದರಿಂದ, ಎತ್ತಿದ ಕ್ಷಣದಲ್ಲಿಯೇ ನಳಿಗೆಯು ಅವನ ದೃಷ್ಟಿಯ ನೇರಕ್ಕೆ ತಾನಾಗಿ ಬಂದು ನಿಲ್ಲಬೇಕು. ಒಬ್ಬನಿಗೆಂದು ಮಾಡಿದ ಬಂದೂಕು ಇನ್ನೊಬ್ಬನ ಕೈಯಲ್ಲಿ ಅಷ್ಟಾಗಿ ಒಗ್ಗದಿರುವುದಕ್ಕೆ ಇದೇ ಕಾರಣ.

ಹಿಡಿಗೆ ಬಳಸುವುದು ಅಕ್ರೋಟಿನ ಮರ. ಅದರಲ್ಲಿಯೂ ತುರ್ಕಿಯ ಕಡೆಯ ಬಹುಕಾಲದ ಮರಗಳ ಬುಡದಿಂದ ಕೊಯ್ದು ವರ್ಷಾನುವರ್ಷ ಆರಗೊಟ್ಟ ತುಂಡುಗಳಿಗೆ ಪ್ರಾಶಸ್ತ್ಯ. ಮರದ ತುಂಡನ್ನು ಆರಿಸುವುದರಲ್ಲಿಯೇ ಅರ್ಧ ವಿದ್ಯೆ ಅಡಗಿದೆ. ಕೈ ಸುತ್ತುವ ಸಣ್ಣ ಕೊರಳಿನಲ್ಲಿ ಮರದ ಎಳೆ ನೆಟ್ಟಗೆ ಹರಿದಿರಬೇಕು, ಇಲ್ಲವಾದರೆ ಗುಂಡು ಹಾರಿದಾಗಿನ ಒದೆತಕ್ಕೆ ಅದು ಎಂದಾದರೊಂದು ದಿನ ಸೀಳುತ್ತದೆ. ಹೆಗಲಿಗೊತ್ತುವ ಅಗಲವಾದ ಭಾಗದಲ್ಲಿ ಮಾತ್ರ ಕಪ್ಪು, ಕಂದು, ಹೊಂಬಣ್ಣಗಳ ಸುಳಿಗಳು ಎಷ್ಟು ಬೇಕಾದರೂ ಆಡಿಕೊಂಡಿರಬಹುದು. ಸೌಂದರ್ಯಕ್ಕೆ ಎಲ್ಲಿ ಸ್ವಾತಂತ್ರ್ಯ, ಎಲ್ಲಿ ಸಂಯಮ ಎಂಬುದನ್ನು ಒಂದೇ ಮರದ ತುಂಡು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವುದನ್ನು ನಾನು ಬೇರೆ ಕಸುಬುಗಳಲ್ಲಿ ಹೆಚ್ಚಾಗಿ ಕಂಡಿಲ್ಲ. ಆಮೇಲೆ ಉಕ್ಕನ್ನು ಮರಕ್ಕೆ ಕೂಡಿಸುವ ಕೆಲಸ. ಬಡಗಿಯು ಉಕ್ಕಿನ ಭಾಗವನ್ನು ಎಣ್ಣೆಯ ದೀಪದ ಹೊಗೆಗೆ ಹಿಡಿದು, ಅದಕ್ಕೆ ತೆಳ್ಳಗೆ ಮಸಿ ಹತ್ತಿಸಿ, ಮರದಲ್ಲಿ ತೋಡಿದ ಗುಂಡಿಯೊಳಗೆ ಒತ್ತಿ ತೆಗೆಯುತ್ತಾನೆ. ಮಸಿ ಅಂಟಿದ ಉಬ್ಬುಗಳನ್ನು ಮಾತ್ರ ಉಳಿಯಿಂದ ಹೆರೆದು, ಮತ್ತೆ ಮಸಿ ಹತ್ತಿಸಿ, ಮತ್ತೆ ಒತ್ತಿ, ಮತ್ತೆ ಹೆರೆಯುತ್ತಾನೆ. ಗುಂಡಿಯ ತಳವೆಲ್ಲ ಸಮವಾಗಿ ಕಪ್ಪಿಡುವವರೆಗೆ, ಅಂದರೆ ಉಕ್ಕು ಎಲ್ಲೆಡೆಯೂ ಮರವನ್ನು ಒಂದೇ ಒತ್ತಡದಲ್ಲಿ ಮುಟ್ಟುತ್ತಿದೆಯೆಂದು ಸಿದ್ಧವಾಗುವವರೆಗೆ ಈ ಆವೃತ್ತಿ ನಡೆಯುತ್ತಲೇ ಇರಬೇಕು. ಕೂದಲೆಳೆ ತೂರಲು ಎಡೆಯಿಲ್ಲದ ಆ ಸಂದಿಯನ್ನು ಕೊನೆಗೆ ಕಾಣುವವನು ಗಿರಾಕಿ. ಅದರ ಹಿಂದಿನ ಮಸಿಯನ್ನು ಬಲ್ಲವನು ಬಡಗಿಯೊಬ್ಬನೇ.

ಕೆತ್ತನೆಗಾರನ ಸರದಿ ಬರುವಾಗ ಉಕ್ಕು ಇನ್ನೂ ಮೆದುವಾಗಿರುತ್ತದೆ. ಅಂಗೈಯ ಒತ್ತಡದಿಂದಲೂ ಸಣ್ಣ ಸುತ್ತಿಗೆಯ ಪೆಟ್ಟಿನಿಂದಲೂ ಚಾಣವನ್ನು ನಡೆಸುತ್ತ ಗುಲಾಬಿಯ ಗೊಂಚಲು, ಬಳ್ಳಿಯ ಸುರುಳಿ, ಹಕ್ಕಿ, ಮೃಗ ಮೊದಲಾದುವನ್ನು ಅವನು ಬಿಡಿಸಿದ ಮೇಲೆ, ಆ ಭಾಗಗಳನ್ನು ಮೂಳೆಯ ಇದ್ದಿಲಿನಲ್ಲಿ ಹುಗಿದು ಕುಲುಮೆಯಲ್ಲಿ ಕಾಯಿಸಿ ತಟ್ಟನೆ ನೀರಿಗೆ ಅದ್ದುತ್ತಾರೆ. ಆಗ ಮೇಲ್ಮೈ ಗಡುಸಾಗುವುದಲ್ಲದೆ ನೀಲಿ, ಕಂದು, ಬೂದು ವರ್ಣಗಳು ಒಂದರೊಳಗೊಂದು ಕಲೆತು ಹರಡುತ್ತವೆ; ಅವು ಹೀಗೆಯೇ ಹರಡಬೇಕೆಂದು ಯಾವ ಕುಶಲನೂ ಕಟ್ಟಪ್ಪಣೆ ಮಾಡಲಾರ. ನಳಿಗೆಯವನು ಒಬ್ಬ, ಚಾಪಿನವನು ಒಬ್ಬ, ಹಿಡಿಯವನು ಒಬ್ಬ, ಕೆತ್ತುವವನು ಮತ್ತೊಬ್ಬ ಹೀಗೆ ಹಲವರ ಕೈ ದಾಟಿ, ಮರಕ್ಕೆ ಅಗಸೆಯ ಎಣ್ಣೆಯನ್ನು ಅಂಗೈಯಿಂದ ದಿನದಿನವೂ ತೀಡಿ ತೀಡಿ ಮುಗಿಸುವ ಹೊತ್ತಿಗೆ ಒಂದೂವರೆ ಎರಡು ವರ್ಷಗಳು ಕಳೆದಿರುತ್ತವೆ. ನಮ್ಮ ದೇಶದಲ್ಲಿಯೂ ಬಿಹಾರದ ಮುಂಗೇರ್, ಕಾಶ್ಮೀರದ ಶ್ರೀನಗರ ಇವು ಬಂದೂಕಿನ ಕಸುಬಿಗೆ ಹಳೆಯ ಊರುಗಳು. ಕಾಶ್ಮೀರದವರಿಗಂತೂ ಅಕ್ರೋಟು ತಮ್ಮ ನೆಲದ ಮರವೇ.

ಈ ವಿದ್ಯೆ ಕನ್ನಡ ನಾಡಿಗೆ ಪರಕೀಯವೆಂದು ಭಾವಿಸಬೇಕಾಗಿಲ್ಲ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಸಿದ್ಧವಾದ ಬಂದೂಕುಗಳ ಹಿಡಿಯಲ್ಲಿ ಬೆಳ್ಳಿಯ ಕೂಡುಕೆಲಸವೂ ನಳಿಗೆಯ ಮೇಲೆ ಹುಲಿಯ ಪಟ್ಟೆಗಳೂ ಇದ್ದುವು. 1799ರ ಪತನದ ನಂತರ ಅವುಗಳಲ್ಲಿ ಮೇಲಾದುವೆಲ್ಲ ಕಡಲು ದಾಟಿ ಇಂಗ್ಲೆಂಡಿನ ಅರಮನೆ, ಸಂಗ್ರಹಾಲಯಗಳನ್ನು ಸೇರಿದುವು. ಅದೇ ಟಿಪ್ಪು 1786ರಲ್ಲಿ ಕೊಪ್ಪಳದ ಕೋಟೆಯನ್ನು ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದನು. 1790ರಲ್ಲಿ ನಿಜಾಮನ ಮತ್ತು ಇಂಗ್ಲಿಷರ ಕೂಡುಸೇನೆ ಮುತ್ತಿದ ಈ ಕೋಟೆ ವಶವಾಗುವುದಕ್ಕೆ ಮರುವರ್ಷದವರೆಗೆ ಕಾಯಬೇಕಾಯಿತು. ಜನರ ಕೈಯ ಆಯುಧಗಳನ್ನು ಕಸಿಯುವ 1857ರ ಶಾಸನಕ್ಕೆ ಮಣಿಯದೆ ಹಲಗಲಿಯ ಬೇಡರು ಎದುರುನಿಂತದ್ದನ್ನೂ, ಮರುವರ್ಷ ಮುಂಡರಗಿಯ ಭೀಮರಾಯನು ಇದೇ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದದ್ದನ್ನೂ ನಮ್ಮ ಭಾಗದ ಮಕ್ಕಳೂ ಬಲ್ಲರು. ಕೊಡಗಿನಲ್ಲಿ ಇಂದಿಗೂ ಕೊಡವರಿಗೆ ಬಂದೂಕಿನ ಪರವಾನಗಿಯಿಂದ ವಿನಾಯಿತಿಯುಂಟು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್‌ಪೂವೆಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ. ಆಯುಧವನ್ನು ಅಲಂಕರಿಸುವುದು ಕ್ರೌರ್ಯದ ಲಕ್ಷಣವೆಂದು ಮೂಗು ಮುರಿಯುವವರ ಮಾತಿಗೆ ನನ್ನ ಸಮ್ಮತಿಯಿಲ್ಲ.

ಇಷ್ಟನ್ನೂ ಬಂದೂಕಿನ ಪಕ್ಷದಲ್ಲಿ ಹೇಳಿದ ಮೇಲೆ, ನಮ್ಮ ಗಿರಣಿಯ ಮಾಲೀಕರಿಗೆ ಅದರಿಂದ ದೊರೆಯತಕ್ಕದ್ದೇನೆಂಬುದನ್ನು ವಿಚಾರಿಸಬೇಕಾಗುತ್ತದೆ. 1959ರ ಆಯುಧಗಳ ಕಾಯಿದೆಯಂತೆ ಮಾಡುವವನಿಗೂ ಪರವಾನಗಿ ಬೇಕು, ಇಟ್ಟುಕೊಳ್ಳುವವನಿಗೂ ಬೇಕು. 2019ರ ತಿದ್ದುಪಡಿಯಾದ ಮೇಲೆ ಒಬ್ಬನು ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇರಿಸಿಕೊಳ್ಳುವಂತಿಲ್ಲ. ಉಕ್ಕಿನ ಮೇಲೆ ಅವರು ಕೊರೆಯಿಸಬೇಕೆಂದಿರುವ ಚಿಗರಿ, ಯಲಬುರ್ಗಾ ಕುಕನೂರುಗಳ ಎರೆಯ ಹೊಲಗಳಲ್ಲಿ ಹಿಂಡುಹಿಂಡಾಗಿ ಮೇಯುವ ಆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಗಂಗಾವತಿಯ ಸಮೀಪದ ಬಂಕಾಪುರದ ಕುರುಚಲು ಕಾಡನ್ನು ತೋಳಗಳಿಗೆಂದೇ ಮೀಸಲಿಟ್ಟಿದ್ದಾರೆ. ಬೇಟೆಯ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತು. ಇನ್ನು ಚುನಾವಣೆ ಬಂದಿತೆಂದರೆ ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು. ಗ್ರಾಮ ಪಂಚಾಯತಿಯಿಂದ ಲೋಕಸಭೆಯವರೆಗೆ ಚುನಾವಣೆಗಳಿಗೆ ನಮ್ಮಲ್ಲಿ ಬರವಿಲ್ಲ. ತುರ್ಕಿಯ ಅಕ್ರೋಟಿನ ಸುಳಿಗಳನ್ನು ಹೆಚ್ಚು ಕಾಲ ನೋಡಿಕೊಂಡು ಕುಳಿತಿರುವ ಭಾಗ್ಯ ಠಾಣೆಯ ಮುನ್ಷಿಗೆ ಸಲ್ಲುವ ಸಂಭವವಿದೆ.

ಹಾಗಾದರೆ ಈ ಬಯಕೆಯಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು? ಅಳತೆ ಕೊಡುವ ವಿನಯ, ಕಾಯುವ ತಾಳ್ಮೆ, ಬಲ್ಲವನ ಕೈಯನ್ನು ನಂಬುವ ಔದಾರ್ಯ. ನಮ್ಮ ಜಿಲ್ಲೆಯ ಕುಶಲಕಲೆಗೆ ಈಗ ಇಲ್ಲವಾಗಿರುವುದು ಇವೇ. ಕೈಗಳಿಗೆ ಇನ್ನೂ ಬರಗಾಲ ಬಂದಿಲ್ಲ.

ಕೊಪ್ಪಳದಿಂದ ಹನ್ನೆರಡು ಹದಿಮೂರು ಕಿಲೋಮೀಟರು ದೂರದ ಕಿನ್ನಾಳದ ಚಿತ್ರಗಾರರ ಮನೆಗಳನ್ನು ನಮ್ಮವರಲ್ಲಿ ಎಷ್ಟು ಮಂದಿ ಹೊಕ್ಕು ನೋಡಿದ್ದಾರೋ ನಾನರಿಯೆ. ಹಂಪಿಯ ವಿರೂಪಾಕ್ಷನ ಗುಡಿಯ ಮೇಲ್ಛಾವಣಿಯ ಚಿತ್ರಗಳು ತಮ್ಮ ಪೂರ್ವಿಕರವೆಂದೂ, 1565ರಲ್ಲಿ ವಿಜಯನಗರ ಬಿದ್ದ ಅನಂತರ ಚದುರಿ ಬಂದವರಿಗೆ ಕಿನ್ನಾಳದ ದೇಸಾಯರು ಆಶ್ರಯವಿತ್ತರೆಂದೂ ಅವರಲ್ಲಿ ಪರಂಪರೆಯ ನಂಬಿಕೆಯಿದೆ. ಅವರ ಕೆಲಸದ ಬಗೆ ಲಂಡನ್ನಿನ ಬಡಗಿಯದಕ್ಕೆ ನೇರ ವಿರುದ್ಧವಾದದ್ದು. ಬಂದೂಕಿನ ಹಿಡಿಯಲ್ಲಿ ಮರವೇ ಆಭರಣ; ಅದನ್ನು ಯಾವುದೂ ಮರೆಮಾಡಬಾರದು. ಕಿನ್ನಾಳದ ವಿಗ್ರಹದಲ್ಲಿ ಮರವು ಎಲುಬು ಮಾತ್ರ, ಅದರ ಮೇಲೆ ಮಾಂಸ, ಚರ್ಮ, ಕಾಂತಿ ಇವೆಲ್ಲ ಬೇರೆಯಾಗಿ ಬರಬೇಕು. ಹಗುರವಾದ ಮೆದುಮರದಲ್ಲಿ ಕೈ, ಕಾಲು, ರೆಕ್ಕೆ, ಕಿರೀಟಗಳನ್ನು ಬಿಡಿಬಿಡಿಯಾಗಿ ಕೆತ್ತಿ ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಯಿಸಿ, ಚೂರು ಮಾಡಿ, ಒಣಗಿಸಿ, ಪುಡಿಗುಟ್ಟಿ, ಮರದ ಹೊಟ್ಟಿನೊಡನೆ ಅದೇ ಹುಣಸೆಬೀಜದ ಸರಿಯಲ್ಲಿ ಕಲಸಿದರೆ ಕಿಟ್ಟವಾಗುತ್ತದೆ. ಅದನ್ನು ಕೈಯಿಂದಲೇ ಮೈಯೆಲ್ಲ ಮೆತ್ತಿ ಸಂದುಗಳನ್ನು ಮುಚ್ಚುತ್ತಾರೆ. ಅದರ ಮೇಲೆ ಹತ್ತಿಯ ಅರಿವೆಯ ಚಿಕ್ಕ ಚಿಕ್ಕ ತುಂಡುಗಳು. ಅದರ ಮೇಲೆ ಕಲ್ಲಿನ ಹುಡಿಯ ಲೇಪ. ಸರ, ತೋಳಬಂದಿ, ಡಾಬುಗಳು ಉಬ್ಬಿ ಕಾಣುವಂತೆ ಕಲ್ಲಿನ ಹುಡಿಯನ್ನೇ ಅಂಟಿನಲ್ಲಿ ಕಲಸಿ ಎಳೆಯುವುದೊಂದು ಬೇರೆಯ ಹಸ್ತಲಾಘವ. ಇವೆಲ್ಲ ಆರಿದ ಮೇಲೆ ಬಣ್ಣ. ತವರದಿಂದ ಬೆಳ್ಳಿಯ ಮೆರುಗನ್ನು ಬರಿಸಿ, ಅದರ ಮೇಲೆ ಹಳದಿಯ ಮೆರುಗೆಣ್ಣೆಯನ್ನೆಳೆದು ಹೊನ್ನಿನ ಕಾಂತಿಯನ್ನು ತರುವ ಲಾಜವಾರದ ಕ್ರಮ ಅವರ ಹಳೆಯ ಗುಟ್ಟುಗಳಲ್ಲೊಂದು. ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಈ ಓಣಿಯಲ್ಲಿ ಬಂದೂಕಿನ ಹಿಡಿಯನ್ನು ಮಾಡಿಸಬಹುದಲ್ಲ ಎಂದು ಯಾರಿಗಾದರೂ ತೋರಿದರೆ, ಅದು ಮರದ ಸ್ವಭಾವವನ್ನು ಅರಿಯದ ಮಾತು. ಒದೆತವನ್ನು ತಾಳುವ ಗಡುಸು ಕಿನ್ನಾಳದ ಮೆದುಮರಕ್ಕಿಲ್ಲ. ಎಣ್ಣೆಯಲ್ಲಿ ಮಿನುಗುವ ಎಳೆಯನ್ನು ತೋರಿಸುವುದು ಅಲ್ಲಿನ ಕಲೆಯ ಉದ್ದೇಶವೂ ಅಲ್ಲ. ಅಲ್ಲಿ ಮಾಡಿಸತಕ್ಕ ವಸ್ತುಗಳು ಬೇರೆ: ಗೌರಿ, ಕಾಮಧೇನು, ಜಾತ್ರೆಯ ಗರುಡ ಹನುಮರ ವಾಹನಗಳು, ಪಲ್ಲಕ್ಕಿ, ದೇವರ ಚೌಕಿ, ಮಂಟಪ, ಮೊಮ್ಮಗುವಿಗೊಂದು ತೊಟ್ಟಿಲು. ಹೆಗಲ ಮೇಲೆ ಹೊರುವ ಆಳೆತ್ತರದ ವಾಹನಕ್ಕೂ ಅಂಗೈಯ ಮೇಲಿಡುವ ಗಿಳಿಗೂ ಒಂದೇ ಕಿಟ್ಟ, ಒಂದೇ ಬಣ್ಣ. ಆದರೆ ವಿದ್ಯೆ ಒಂದೇ ಅಲ್ಲ. ಗಿಳಿಯನ್ನು ಮಾಡಬಲ್ಲವರೆಲ್ಲ ವಾಹನದ ತೂಕವನ್ನು ನಿಲ್ಲಿಸಬಲ್ಲರೆಂದು ಹೇಳಲಾಗದು. ದೊಡ್ಡದನ್ನು ಬಲ್ಲವನಿಗೆ ಅದನ್ನು ಮಾಡುವ ಸಂದರ್ಭ ಜೀವಮಾನದಲ್ಲಿ ನಾಲ್ಕಾರು ಸಾರಿಯಾದರೂ ಬಾರದಿದ್ದರೆ ಅವನ ಮಗನಿಗೆ ಅದು ಬರುವುದಾದರೂ ಹೇಗೆ?

ನನ್ನ ದೂರು ಇರುವುದು ಇಲ್ಲಿಯೇ. ಕಿನ್ನಾಳದ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ, ನಗರಗಳಲ್ಲಿ ಪ್ರದರ್ಶನಗಳಾಗುತ್ತವೆ, ಸಭೆಗಳಲ್ಲಿ ಭಾಷಣಗಳಾಗುತ್ತವೆ. ಇವುಗಳಿಂದ ಉಪಕಾರವಾಗಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪ್ರದರ್ಶನಕ್ಕೆ ಬಂದ ಗಿರಾಕಿ ಕೊಳ್ಳುವುದು ತನ್ನ ಕೈಚೀಲದಲ್ಲಿ ಹಿಡಿಸುವುದನ್ನು. ಅವನ ಚೀಲದ ಅಳತೆಯೇ ಕ್ರಮೇಣ ಕಲೆಯ ಅಳತೆಯಾಗುತ್ತದೆ. ಜಾತ್ರೆಯ ಸಮಿತಿಯವರಾದರೋ ಹಳೆಯ ಮರದ ವಾಹನಕ್ಕೆ ಬಣ್ಣ ಹಾರಿತೆಂದರೆ ಅದನ್ನು ಮೂಲೆಗೊತ್ತಿ ಫೈಬರಿನದನ್ನೋ ಬೆಳ್ಳಿಯ ತಗಡಿನದನ್ನೋ ತರಿಸುವುದನ್ನು ಪ್ರತಿಷ್ಠೆಯೆಂದು ತಿಳಿಯುತ್ತಾರೆ. ಇತ್ತ, ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಭಾನಾಪುರದಲ್ಲಿ ನಾನೂರು ಎಕರೆಯ ಆಟಿಕೆಗಳ ಕೈಗಾರಿಕಾ ನೆಲೆಗೆ 2021ರಲ್ಲಿ ಅಡಿಗಲ್ಲು ಬಿದ್ದಿತು. ಉದ್ಯೋಗವಿಲ್ಲದ ಒಣಸೀಮೆಗೆ ಕಾರ್ಖಾನೆ ಬೇಕು. ಅದನ್ನು ನಾನು ವಿರೋಧಿಸುವವನಲ್ಲ. ಅಗ್ಗದ ಆಟಿಕೆಯನ್ನು ಅಚ್ಚಿನಲ್ಲಿ ಎರಕ ಹೊಯ್ಯುವವರೊಡನೆ ಕಿನ್ನಾಳದವರು ಅಗ್ಗದಲ್ಲಿ ಸ್ಪರ್ಧಿಸಬೇಕೆಂದು ನಿರೀಕ್ಷಿಸುವುದು ಮಾತ್ರ ಅವಿವೇಕ. ಅಚ್ಚಿಗೆ ಅಸಾಧ್ಯವಾದ ಒಂಟಿ ವಸ್ತುವನ್ನು, ಒಬ್ಬರಿಗೆಂದೇ, ಒಂದು ಗುಡಿಗೆಂದೇ ಮಾಡಿಸುವವರು ಬಂದರೆ ಮಾತ್ರ ಆ ವಿದ್ಯೆಯ ಮೇಲುಮಟ್ಟ ಉಳಿದೀತು. ಲಂಡನ್ನಿನ ಬಡಗಿಯ ಮಸಿಯ ದೀಪ ಆರದಿರುವುದಕ್ಕೆ ಅಂಥದೇ ಕಾರಣ: ಸಂಸ್ಥಾನಗಳು ಹೋದರೂ, ಎರಡು ವರ್ಷ ಕಾಯಲು ಸಿದ್ಧರಾದ ಗಿರಾಕಿಗಳ ಸಾಲು ಅಲ್ಲಿ ಮುರಿಯಲಿಲ್ಲ.

ಮಾಡಿಸುವುದೆಂದರೇನೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ, ಹೆಸರು ಮಹಾದೇವನೇ. ಆಯುಧವನ್ನೇ ಜೀವನವಾಗಿಸಿಕೊಂಡಿದ್ದ ಆ ಸೇನಾನಿಯು ತನ್ನ ಗಳಿಕೆಯನ್ನು ಬಳಪದ ಕಲ್ಲಿನ ಕುಸುರಿಗೆ ಸುರಿದನಾಗಿ, ಶಾಸನವು ಆ ಗುಡಿಯನ್ನು ದೇವಾಲಯಚಕ್ರವರ್ತಿಯೆಂದು ಕರೆಯಿತು. ಅವನ ಒರೆಯಲ್ಲಿದ್ದ ಕತ್ತಿಯ ಸುಳಿವು ಯಾರಿಗೂ ಇಲ್ಲ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆಗೆ ಎಡೆಕೊಟ್ಟ ಕನಕಾಚಲಪತಿಯ ಗುಡಿಯನ್ನು ಬೆಳೆಸಿದವರು ಅಷ್ಟೇನೂ ದೊಡ್ಡ ರಾಜ್ಯವಿಲ್ಲದ ನಾಯಕರು. ವಿರುದ್ಧವಾದ ಉದಾಹರಣೆಯೂ ಇಲ್ಲಿಯೇ ಉಂಟು. ನಿಜಾಮರ ಆಳ್ವಿಕೆಯಲ್ಲಿ ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಮನೆತನದ ಜಹಗೀರಾಗಿದ್ದುವು. ಹೈದರಾಬಾದಿನಲ್ಲಿ 1951ರಲ್ಲಿ ತೆರೆದ ಸಾಲಾರ್ ಜಂಗ್ ಸಂಗ್ರಹಾಲಯಕ್ಕೆ ಹೋದವರು ಮೊದಲನೆಯ ಸಾಲಾರ್ ಜಂಗನು 1876ರಲ್ಲಿ ರೋಮಿನಲ್ಲಿ ಕೊಂಡ ಮುಸುಕಿನ ರೆಬೆಕ್ಕಳ ಅಮೃತಶಿಲೆಯ ಶಿಲ್ಪದ ಮುಂದೆ ಬೆರಗಾಗಿ ನಿಲ್ಲುತ್ತಾರೆ. ಚಿನ್ನ ಬೆಳ್ಳಿ ಕೂಡಿಸಿದ ಕಠಾರಿ ಬಂದೂಕುಗಳ ಕೋಣೆಯಲ್ಲಿ ಸುತ್ತಾಡುತ್ತಾರೆ. ಆ ಮನೆತನದ ಐಶ್ವರ್ಯದಲ್ಲಿ ನಮ್ಮ ಎರೆಯ ಹೊಲಗಳ ಜೋಳದ ಕಂದಾಯದ ಪಾಲೂ ಇದ್ದಿತೆಂಬುದು ಅಲ್ಲಿ ನಿಂತಾಗ ನೆನಪಾಗದಿರದು. ಸಂಗ್ರಹದಲ್ಲಿ ಆ ಮನೆತನಕ್ಕೆ ಸಮಾನರು ವಿರಳ. ಆದರೆ ಕೊಳ್ಳುವವನು ಎಷ್ಟೇ ದೊಡ್ಡವನಾದರೂ, ತನ್ನ ನೆಲದ ಕುಶಲನ ಎದುರಿಗೆ ಕುಳಿತು ಇಂಥದನ್ನು ಮಾಡಿಕೊಡು ಎಂದು ಕೇಳಿದವನಿಗಿಂತ ಒಂದು ಮೆಟ್ಟಲು ಕೆಳಗೆಯೇ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಕೇಳುವುದಕ್ಕೂ ಒಂದು ಕ್ರಮವಿದೆ. ಹೋದ ಕೂಡಲೆ ದರವನ್ನು ವಿಚಾರಿಸಿ, ಅರ್ಧಕ್ಕೆ ಕೇಳಿ, ನಾಳಿದ್ದು ಬೇಕೆನ್ನುವವನಿಗೆ ಸಿಕ್ಕುವುದು ನಾಳಿದ್ದಿಗೆ ಆಗುವಂತಹ ವಸ್ತುವೇ. ಜಾಗದ ಅಳತೆ, ಹೊರುವವರ ಸಂಖ್ಯೆ, ಗುಡಿಯ ಬಾಗಿಲಿನ ಎತ್ತರ ಇವುಗಳನ್ನು ಗಿರಾಕಿಯು ತಾನಾಗಿ ಒದಗಿಸಬೇಕು. ಪಲ್ಲಕ್ಕಿ ಸಿದ್ಧವಾದ ಮೇಲೆ ಬಾಗಿಲಲ್ಲಿ ಹಿಡಿಯದೆಂದು ಜಗಳವಾಡಬಾರದು. ಮರವನ್ನು ಕೊಂಡು ಆರಿಸುವುದಕ್ಕೆ ಬೇಕಾಗುವ ಮುಂಗಡವನ್ನು ಕೊಂಕಿಲ್ಲದೆ ಕೊಡಬೇಕು. ಕಿಟ್ಟದ ಮೇಲೆ ಅರಿವೆ, ಅರಿವೆಯ ಮೇಲೆ ಕಲ್ಲಿನ ಲೇಪ, ಒಂದೊಂದೂ ಆರಿಯೇ ಮುಂದಿನದಾಗಬೇಕಾದ್ದರಿಂದ ಮಳೆಗಾಲದಲ್ಲಿ ಆತುರಪಡಿಸಬಾರದು. ಜನವರಿಯ ಗವಿಸಿದ್ಧೇಶ್ವರನ ಜಾತ್ರೆಯ ಹೊತ್ತಿಗೆ ಬೇಕಾದದ್ದನ್ನು ಯುಗಾದಿಗೇ ಹೇಳಿಬರುವುದು ಲೇಸು. ಬಣ್ಣದ ವಿಷಯದಲ್ಲಿ ಮೊಬೈಲಿನಲ್ಲಿ ತೆಗೆದ ಚಿತ್ರವೊಂದನ್ನು ಮುಂದೊಡ್ಡಿ ಇದರಂತೆಯೇ ಆಗಲೆಂದು ಪೀಡಿಸುವುದು ಕುಶಲನನ್ನು ನಕಲುಗಾರನನ್ನಾಗಿ ಮಾಡಿದಂತೆ. ಕುಷ್ಟಗಿಯ ಸೀಮೆಯ ದೋಟಿಹಾಳದ ಮಗ್ಗದವರಿಗೂ ಇದೇ ಮಾತು ಸಲ್ಲುತ್ತದೆ. ಇಳಕಲ್ ಸೀರೆಯ ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿಹಾಕಿ ಕೂಡಿಸುವ ಆ ನೇಯ್ಗೆಯಲ್ಲಿ, ಮದುವೆಯ ಸೀರೆಗೆ ಒಡಲಿನ ಬಣ್ಣವಿಂಥದು, ದಡಿಯಿಂಥದು ಎಂದು ಹೇಳಿ ಕಾಯುವ ಮನೆಗಳಿದ್ದರೆ ಮಗ್ಗ ಸದ್ದು ಮಾಡುತ್ತಿರುತ್ತದೆ. ಇಲ್ಲದಿದ್ದರೆ ಯಂತ್ರದ ಸೀರೆಯೇ ಸಾಕು.

ಇನ್ನೊಂದು ವಿಷಯವಿದೆ. ಲಂಡನ್ನಿನ ಬಂದೂಕಿನ ಮೇಲೆ ಮಾಡಿದ ಮನೆಯ ಹೆಸರು ಕೊರೆದಿರುತ್ತದೆ. ಆ ಹೆಸರಿಗೇ ಅರ್ಧ ಬೆಲೆ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಶಿಲ್ಪಗಳ ಅಡಿಯಲ್ಲಿ ಹೆಸರುಗಳನ್ನು ಕಂಡರಿಸಿ ಒಂಬೈನೂರು ವರ್ಷಗಳಾದುವು. ಕಿನ್ನಾಳದಿಂದ ಹೊರಟ ಗೌರಿಯ ಪೀಠದ ಕೆಳಗೆ ಅದನ್ನು ಮಾಡಿದವನ ಹೆಸರೂ ವರ್ಷವೂ ಇರಬೇಕೆಂದು ಮಾಡಿಸುವವರು ಏಕೆ ಹಟಹಿಡಿಯಬಾರದು? ಹಣದ ಜೊತೆಗೆ ಇದನ್ನು ಕೊಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ನಮ್ಮ ಗುಡಿಗಳಲ್ಲಿ ಕೊಳವೆದೀಪದ ಮೇಲೆಯೂ ದಾನಿಗಳ ಹೆಸರನ್ನು ಬರೆಸುವ ಉತ್ಸಾಹವಿರುವಾಗ, ಮಾಡಿದವನ ಹೆಸರಿಗೆ ಒಂದು ಗೇಣು ಜಾಗ ಸಿಕ್ಕದೆ ಹೋದೀತೆ?

ಬರದ ಸೀಮೆಯಲ್ಲಿ ಅಲಂಕಾರಕ್ಕೆ ಹಣ ಸುರಿಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಗೌರವಕ್ಕೆ ಅರ್ಹವಾದದ್ದು. ಆದರೆ ಆ ಹಣ ಹೇಗೂ ಖರ್ಚಾಗುತ್ತಿದೆ. ಮದುವೆಯ ಮಂಟಪಕ್ಕೆ ಒಂದು ದಿನದ ಮಟ್ಟಿಗೆ ಹೊರಗಿನಿಂದ ಬಂದ ಥರ್ಮೋಕೋಲಿನ ಅರಮನೆಗೆ ಕೊಡುವ ಮೊತ್ತದಲ್ಲಿ ಒಂದು ಚಿತ್ರಗಾರ ಮನೆಯ ಹಲವು ತಿಂಗಳ ಕೂಲಿ ಅಡಗಿದೆ. ಮರುದಿನ ಅದು ತಿಪ್ಪೆಗೆ ಹೋಗುತ್ತದೆ. ಗಂಗಾವತಿಯ ಹತ್ತು ಕಲ್ಯಾಣಮಂಟಪಗಳ ಒಡೆಯರು ಸೇರಿ ಮರದ ಮದುವೆಯ ಮಂಟಪವೊಂದನ್ನು ಕಿನ್ನಾಳದಲ್ಲಿ ಮಾಡಿಸಿ, ಸರದಿಯ ಮೇಲೆ ಬಳಸುವುದಾದರೆ, ತಲೆಮಾರು ಬಾಳುವ ವಸ್ತುವೊಂದು ಊರಿಗೆ ದೊರೆತೀತು. ಜಿಲ್ಲಾಡಳಿತವೂ ಅತಿಥಿಗಳಿಗೆ ಹಂಚುವ ಸಣ್ಣ ಸ್ಮರಣಿಕೆಗಳ ರಾಶಿಯ ಬದಲು ವರ್ಷಕ್ಕೊಂದು ದೊಡ್ಡ ಕೆಲಸವನ್ನು, ಅದೂ ಟೆಂಡರು ಕರೆದು ಅತಿ ಕಡಿಮೆಯವನಿಗೆ ಕೊಡುವ ಪದ್ಧತಿಯನ್ನು ಬಿಟ್ಟು, ಕೈ ನೋಡಿ ಕೊಡುವಂತಾಗಬೇಕು. ಕಡಿಮೆ ದರದ ಗರುಡನಿಗೆ ರೆಕ್ಕೆ ಬಾರದು.

ಇಷ್ಟಾದ ಮೇಲೂ ಬಂದೂಕೇ ಬೇಕೆನ್ನುವವರಿಗೆ ನಾನು ಅಡ್ಡಬರುವುದಿಲ್ಲ. ಕಾಯಿದೆಯ ಮಿತಿಯೊಳಗೆ ಶ್ರೀನಗರಕ್ಕೋ ಲಂಡನ್ನಿಗೋ ಅವರು ಅಳತೆ ಕೊಟ್ಟುಬರಲಿ. ಅಂಥ ಬಂದೂಕನ್ನು ಬರಿದೆ ಗೋಡೆಗೆ ಒರಗಿಸಿಡುವಂತಿಲ್ಲ. ನಳಿಗೆಯನ್ನೂ ಹಿಡಿಯನ್ನೂ ಬಿಚ್ಚಿ ಬೇರೆ ಬೇರೆ ಗೂಡುಗಳಲ್ಲಿ ಮಲಗಿಸುವ, ಒಳಗೆ ಬಟ್ಟೆಯ ಮೆತ್ತೆಯಿರುವ ಪೆಟ್ಟಿಗೆಯೊಂದು ಅದಕ್ಕೆ ಬೇಕಾಗುತ್ತದೆ. ಆ ಪೆಟ್ಟಿಗೆಯನ್ನು ಕಿನ್ನಾಳದಲ್ಲಿ ಮಾಡಿಸಲಿ. ಮುಚ್ಚಳದ ಮೇಲೆ ಎರೆಯ ಹೊಲವೂ ಚಿಗರಿಯ ಹಿಂಡೂ ಲಾಜವಾರದ ಹೊನ್ನಿನಲ್ಲಿ ಮೂಡಲಿ. ಒಳಮೈಯಲ್ಲಿ ಚಿತ್ರಗಾರನ ಹೆಸರು, ಊರು, ವರ್ಷ. ಅದಕ್ಕೆ ಪರವಾನಗಿ ಬೇಡ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಬೇಕಾದ್ದೂ ಇಲ್ಲ.